ಗುಳೆ ಬಂದ ಮಕ್ಕಳ ಸಂಜೆ ಪಾಠಕ್ಕೆ ನಿಮ್ಮ ನೆರವು ಬೇಕು

ಆತ್ಮೀಯರೇ, ನಮಸ್ಕಾರ.

ನಮ್ಮದು ಬೆಂಗಳೂರಿನ ವರ್ತೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪರವಾಗಿ ನಾನು ಬರೆಯುತ್ತಿದ್ದೇನೆ.

ದೀಪಾವಳಿ ಕಳೆಯುತ್ತಿದ್ದಂತೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬರುವವರು ಜಾಸ್ತಿ. ಮಳೆ ಕೈಕೊಟ್ಟ ವರ್ಷ ಇನ್ನೂ ಬೇಗ ಬರುತ್ತಾರೆ. ಅಪ್ಪ ಅಮ್ಮ ಗಾರೆ ಕೆಲಸಕ್ಕೋ ಸೆಂಟ್ರಿಂಗ್ ಕೆಲಸಕ್ಕೋ ಹೋಗುತ್ತಾರೆ. ಮಕ್ಕಳು ತಗಡಿನ ಶೆಡ್ಡಿನಿಂದ ನಮ್ಮ ಶಾಲೆಗೆ ಬರುತ್ತಾರೆ. ಮುಂಗಾರು ಬಿತ್ತನೆ ಹೊತ್ತಿಗೆ ಮತ್ತೆ ಊರು. ಒಮ್ಮೊಮ್ಮೆ ಅದಕ್ಕೂ ಮುಂಚೆ ಬಿಲ್ಡಿಂಗ್ ಮುಗಿದು ಶೆಡ್ ಕಿತ್ತುಬಿಡುತ್ತಾರೆ. ಆಗ ಇನ್ನೊಂದು ಏರಿಯಾ, ಇನ್ನೊಂದು ಶಾಲೆ.

ಕಳೆದ ವರ್ಷ ಐದನೇ ಕ್ಲಾಸಿಗೆ ಒಬ್ಬ ಹುಡುಗ ಬಂದ. ಅಪ್ಪ ಕಂಬಿ ಕಟ್ಟುವವರು. ಕಂಬಿ ಕಣ್ಣಿಗೆ ಬಿದ್ದರೆ ಸಾಕು, ಇದು 8 ಎಂಎಂ, ಇದು 12, ಇದು 16 ಅಂತ ಪಟಪಟ ಹೇಳುತ್ತಿದ್ದ. ಪುಸ್ತಕ ತೆರೆದರೆ ಮಾತ್ರ ಒತ್ತಕ್ಷರದ ಹತ್ತಿರ ಬೆರಳು ನಿಂತುಬಿಡುತ್ತಿತ್ತು. 'ಅಕ್ಕ' ಅನ್ನುವುದನ್ನು 'ಅಕ' ಅಂತ ಓದಿ ಪಕ್ಕದವನ ಮುಖ ನೋಡುತ್ತಿದ್ದ. ಅವನು ದಡ್ಡನಲ್ಲ. ಊರಿನ ಶಾಲೆಯಲ್ಲಿ ಒತ್ತಕ್ಷರ ಕಲಿಸುವ ಹೊತ್ತಿಗೆ ಅವನು ಬೆಂಗಳೂರಿನ ಬಸ್ಸಿನಲ್ಲಿದ್ದ, ಅಷ್ಟೇ. "ಸಾಲಿಗೇನೋ ಹೊಕ್ಕಾನ್ರೀ ಮೇಡಂ, ಓದಾಕ ಬರವಲ್ದು" ಅಂತ ಅವನಮ್ಮ ಬಂದು ಹೇಳಿದಾಗ ನಮ್ಮ ಟೀಚರ್ ಬಳಿ ಉತ್ತರ ಇರಲಿಲ್ಲ.

ಬಿಹಾರ, ಒಡಿಶಾದಿಂದ ಬಂದ ಮಕ್ಕಳದ್ದು ಇನ್ನೂ ಕಷ್ಟ. ಆಟದ ಮೈದಾನದಲ್ಲಿ ಕನ್ನಡ ಬೇಗ ಬರುತ್ತದೆ. ಪಾಠದ ಕನ್ನಡ ಅಷ್ಟು ಬೇಗ ಬರುವುದಿಲ್ಲ.

ಶಾಲೆಗೆ ಸೇರಿಸಲು ಕಾನೂನು ಮಕ್ಕಳ ಕಡೆಗೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿ, ಬಿಟ್ಟುಹೋದ ಕಲಿಕೆಗೆ ವಿಶೇಷ ತರಬೇತಿ ಕೊಡಬೇಕು ಅಂತಲೂ ಅದರಲ್ಲಿದೆ. ಬಿಸಿಯೂಟ, ಹಾಲು, ಪಠ್ಯಪುಸ್ತಕ ಸರ್ಕಾರ ಕೊಡುತ್ತದೆ. ಆದರೆ ಬಿಟ್ಟುಹೋದ ಪಾಠ ಹೇಳಿಕೊಡಲು ಯಾರಾದರೂ ಮಗುವಿನ ಪಕ್ಕ ಕೂರಬೇಕಲ್ವಾ? ನಮ್ಮ ಟೀಚರ್‌ಗಳು ಈಗಲೇ ಒಬ್ಬೊಬ್ಬರು ಎರಡೆರಡು ಕ್ಲಾಸು ನೋಡಿಕೊಳ್ಳುತ್ತಿದ್ದಾರೆ.

ಅದಕ್ಕೇ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಪಾಠ ಶುರು ಮಾಡುತ್ತಿದ್ದೇವೆ. ಅಪ್ಪ ಅಮ್ಮ ಕೆಲಸ ಮುಗಿಸಿ ಬರುವವರೆಗೆ ಈ ಮಕ್ಕಳು ಸುಮ್ನೆ ಸೈಟಿನಲ್ಲಿ, ತೋಡಿದ ಗುಂಡಿಗಳ ನಡುವೆ ಓಡಾಡಿಕೊಂಡಿರುತ್ತಾರೆ. ಅದನ್ನು ನೋಡಿದವರಿಗೆ ಈ ಒಂದೂವರೆ ಗಂಟೆಯ ಬೆಲೆ ಗೊತ್ತು.

ಇಬ್ಬರು ಟೀಚರ್ ಬೇಕು, ಒಬ್ಬರಿಗಾದರೂ ಹಿಂದಿ ಬರಬೇಕು. ತಲಾ ತಿಂಗಳಿಗೆ 8,000 ರೂಪಾಯಿ ಗೌರವಧನ. ಒಂದು ಮಗುವಿಗೆ ಚೀಲ, ಸ್ಲೇಟು, ನೋಟ್‌ಬುಕ್, ಪೆನ್ಸಿಲ್ ಸೇರಿ 900 ರೂಪಾಯಿ. ಸಂಜೆ ಒಂದು ಬಾಳೆಹಣ್ಣು, ಎರಡು ಬಿಸ್ಕೆಟ್. ಕತ್ತಲಾಗುವ ಮುಂಚೆ ಮಕ್ಕಳನ್ನು ಶೆಡ್ಡಿಗೆ ತಲುಪಿಸಲು ಆಟೋ ಬಾಡಿಗೆ. ಇಷ್ಟೇ ನಮ್ಮ ಖರ್ಚು.

ನಿಮ್ಮಿಂದ ಎಷ್ಟಾಗುತ್ತದೋ ಅಷ್ಟು ಕೊಡಿ. 100 ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ, ಪ್ರತಿ ತಿಂಗಳ ಲೆಕ್ಕ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಹಣವನ್ನು ಎಸ್‌ಡಿಎಂಸಿ ಖಾತೆಗೇ ಹಾಕಿ, ಯಾರ ಕೈಗೂ ಕೊಡಬೇಡಿ. ಖಾತೆಯ ವಿವರ ಹೆಡ್‌ಮಾಸ್ಟರ್ ಬಳಿ ಸಿಗುತ್ತದೆ.

ಹತ್ತಿರದಲ್ಲೇ ಇರುವವರಿಗೆ ಇನ್ನೊಂದು ವಿನಂತಿ. ಪಠ್ಯಪುಸ್ತಕ ಹಂಚುವುದು ವರ್ಷದ ಶುರುವಿನಲ್ಲಿ, ಈ ಮಕ್ಕಳು ಬರುವುದು ನಡುವಲ್ಲಿ. ನಿಮ್ಮ ಮಕ್ಕಳ ಹಳೆಯ ಕನ್ನಡ ಕಥೆಪುಸ್ತಕ, ಒಂದರಿಂದ ಐದನೇ ಕ್ಲಾಸಿನ ರಾಜ್ಯ ಪಠ್ಯಕ್ರಮದ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಶನಿವಾರ ಅರ್ಧ ದಿನ ಶಾಲೆ ಇರುತ್ತದೆ, ಆಗ ತಂದುಕೊಡಿ. ಬಂದಾಗ ಒಂದು ಮಗುವಿನ ಪಕ್ಕ ಕೂತು ಒಂದು ಪುಟ ಓದಿಸಿ.

ದೀಪಾವಳಿಗೆ ಮುಂಚೆ ಟೀಚರ್‌ಗಳನ್ನು ಗೊತ್ತು ಮಾಡಬೇಕಾಗಿದೆ. ಹಬ್ಬ ಮುಗಿದ ವಾರದಿಂದಲೇ ಹೊಸ ಮಕ್ಕಳು ಬರಲು ಶುರುವಾಗುತ್ತಾರೆ.