ಎರಡು ವಾಕ್ಯಗಳ ನಡುವಿನ ಜಾಗ

ಬೆಳಗಾವಿ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಅದರ ಜೊತೆ ಬರೆದ ಪ್ರಶ್ನೆಯನ್ನೂ ಓದಿದೆ. ಎಂ.ಎ. ಕ್ಲಾಸಿನಲ್ಲಿ ಹೇಳಿಕೊಡುವ ಈ ಸಂಕಥನ ಸಿದ್ಧಾಂತ (ವಾಕ್ಯಗಳು ಒಂದಕ್ಕೊಂದು ಹೇಗೆ ಕೂಡುತ್ತವೆ ಅನ್ನುವ ವಿಚಾರ), ತರ್ಕದ ಚಿಹ್ನೆಗಳು, ಡಬ್ಬಿ ಡಬ್ಬಿ ಚಿತ್ರಗಳು ಕಥೆ ಬರೆಯುವವರಿಗೆ ಯಾತಕ್ಕೆ ಅಂತ ಕೇಳಿದ್ದೀಯ. ಚಿಹ್ನೆಗಳು ಬೇಕಿಲ್ಲ, ಬಿಡು. ಆದರೆ ಆ ಸಿದ್ಧಾಂತದವರು ಹಿಡಿದ ಪ್ರಶ್ನೆ ನಿನ್ನದೂ ಹೌದು. ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವಾಗ ಓದುವವರ ತಲೆಯಲ್ಲಿ ಏನು ನಡೆಯುತ್ತದೆ?

ಈ ಎರಡು ಜೋಡಿ ನೋಡು. "ಬಸು ಎದ್ದು ನಿಂತ. ಕಲ್ಲಪ್ಪ ನಮಸ್ಕಾರ ಮಾಡಿದ." ಇನ್ನೊಂದು, "ಬಸು ಬಿದ್ದ. ಕಲ್ಲಪ್ಪ ದೂಡಿದ." ಎರಡರಲ್ಲೂ ಅದೇ ಭೂತಕಾಲ. ಮೊದಲನೆಯದರಲ್ಲಿ ಘಟನೆಗಳು ಬರೆದ ಕ್ರಮದಲ್ಲೇ ನಡೆದಿವೆ. ಎರಡನೆಯದರಲ್ಲಿ ಉಲ್ಟಾ: ದೂಡಿದ್ದು ಮೊದಲು, ಬಿದ್ದದ್ದು ಆಮೇಲೆ. ಹಾಗಂತ ಬರೆದವರು ಹೇಳಲೇ ಇಲ್ಲ. ದೂಡಿದರೆ ಬೀಳುತ್ತಾರೆ ಅಂತ ಓದುವವರಿಗೆ ಗೊತ್ತು, "ಯಾಕಂದರೆ" ಅನ್ನೋದನ್ನು ತಾವೇ ಸೇರಿಸಿಕೊಂಡರು. ಈಗ ಇನ್ನೊಂದು ವಾಕ್ಯ ಹಾಕು: "ಬಿದ್ದವನನ್ನೂ ಬಿಡಲಿಲ್ಲ ಆ ಪಾಪಿ." ಸೇರಿಸಿಕೊಂಡಿದ್ದ "ಯಾಕಂದರೆ" ತಟ್ಟನೆ ಹೋಯಿತು, ಕ್ರಮ ಮತ್ತೆ ಬದಲಾಯಿತು. ಸಂಕಥನದ ಮೇಲೆ ಕೆಲಸ ಮಾಡಿದ ವಿದ್ವಾಂಸರಾದ ಅಲೆಕ್ಸ್ ಲಾಸ್ಕರೈಡಿಸ್ ಮತ್ತು ನಿಕೋಲಸ್ ಆಶರ್ 1993ರಲ್ಲಿ ಇಂಥ ಜೋಡಿಗಳನ್ನೇ ಇಟ್ಟುಕೊಂಡು, ಬೇರೆ ಸುಳಿವು ಸಿಗುವ ತನಕ ಮಾತ್ರ ನಿಲ್ಲುವ ಊಹೆಗಳಿಗೆ ಒಂದು ತರ್ಕ ಕಟ್ಟಿದರು.

ಅವರ ಉದಾಹರಣೆಗಳು ಇಂಗ್ಲಿಷಿನವು. ನಮ್ಮಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ, ನಿನ್ನ ಕಥೆಗೆ ಬೇಕಾದದ್ದು ಅದೇ. "ನಿಂಗವ್ವ ಅತ್ತಳು. ಪತ್ರ ಓದಿದಳು." ಇದನ್ನು ಎರಡು ಥರ ಓದಬಹುದು: ಅತ್ತು ಆಮೇಲೆ ಓದಿದಳು, ಇಲ್ಲವೇ ಓದಿದ್ದಕ್ಕೇ ಅತ್ತಳು. ಈಗ "ನಿಂಗವ್ವ ಅತ್ತು ಪತ್ರ ಓದಿದಳು" ಅಂತ ಬರೆ. ಎರಡನೇ ಅರ್ಥ ಹೋಯಿತು ಅಲ್ವಾ? ಎದ್ದು, ಹೋಗಿ, ತಂದು, ನೋಡಿ ಅಂತ ಪೋಣಿಸಿದ ಕೂಡಲೇ ಕ್ರಮ ಗಟ್ಟಿಯಾಗುತ್ತದೆ, ಓದುವವರಿಗೆ ಊಹಿಸುವ ಕೆಲಸ ಕಡಿಮೆಯಾಗುತ್ತದೆ. ಅಡುಗೆಮನೆಯ ಗಡಿಬಿಡಿ ಹೇಳುವಾಗ ಅದು ಚಲೋ. ಪತ್ರ ಬಂದ ದಿನಕ್ಕೆ ಅಲ್ಲ. ನಿನ್ನ ಕಥೆಯಲ್ಲಿ ಎಲ್ಲಾ ಕಡೆ ಈ ಪೋಣಿಸುವಿಕೆ ಜಾಸ್ತಿ. ಅದು ತಪ್ಪಿದಲ್ಲಿ "ಆದ್ದರಿಂದ", "ಹೀಗಾಗಿ" ಬಂದು ಕೂತಿವೆ. ಅವನ್ನು ಒಮ್ಮೆ ತೆಗೆದು ಓದು. ಸಂಬಂಧ ತಾನಾಗಿ ಹೊಳೆದರೆ ಆ ಪದ ಸುಮ್ನೆ ಭಾರ.

ಇನ್ನು ಅತ್ತೆ-ಸೊಸೆ ಜಗಳದ ಪುಟ. "ಹೇಳಿದಳು", "ನಕ್ಕಳು", "ಹೊರಟಳು" ಅಂತ ಸಾಲುಸಾಲಾಗಿ ಬರೆದಿದ್ದೀಯ. ಕನ್ನಡದಲ್ಲಿ ಕರ್ತೃವನ್ನು ಬಿಡಬಹುದು, ಕ್ರಿಯಾಪದವೇ ಹೆಣ್ಣು ಅಂತ ಹೇಳುತ್ತದೆ. ಆದರೆ ಅಲ್ಲಿರುವವರು ಇಬ್ಬರೂ ಹೆಂಗಸರು! ಪುಣೆಯಲ್ಲಿ ಹುಟ್ಟಿದ ಅರವಿಂದ ಜೋಶಿ, ಬಾರ್ಬರಾ ಗ್ರೋಸ್ ಮತ್ತು ಸ್ಕಾಟ್ ವೈನ್‌ಸ್ಟೈನ್ ಜೊತೆ ಸೇರಿ 1995ರಲ್ಲಿ ಪ್ರಕಟಿಸಿದ ಲೇಖನ ಇದರ ಬಗ್ಗೆಯೇ ಇದೆ. ಪ್ರತಿ ವಾಕ್ಯಕ್ಕೂ ಒಂದು ಕೇಂದ್ರ ಇರುತ್ತದೆ, ಅಂದರೆ ಮಾತು ಯಾರ ಅಥವಾ ಯಾವುದರ ಸುತ್ತ ನಡೆದಿದೆಯೋ ಅದು. ಅದು ಹಾಗೇ ಮುಂದುವರಿದರೆ ಓದು ಸಲೀಸು, ಪದೇ ಪದೇ ಬದಲಾದರೆ ಕಷ್ಟ. ಕೇಂದ್ರ ಬದಲಾಗುವ ಕಡೆ ಹೆಸರು ಹಾಕು. ಅತ್ತೆಗೆ "ಹೇಳಿದರು" ಅಂತ ಮರ್ಯಾದೆ ಕೊಟ್ಟರೂ ಗೊಂದಲ ಕಡಿಮೆಯಾಗುತ್ತದೆ, ಆದರೆ ನಿನ್ನ ಕಥೆಯ ಸೊಸೆ ಅಷ್ಟು ಮರ್ಯಾದೆ ಕೊಡುವವಳಲ್ಲ.

ನಿನಗೆ ಬಾದಾಮಿಯ ಬನಶಂಕರಿ ಜಾತ್ರೆ ಗೊತ್ತಲ್ಲ. "ಜಾತ್ರೆಯಲ್ಲಿ ಮಜಾ ಬಂತು. ಮೊದಲು ಊಟ ಮಾಡಿದೆವು. ರೊಟ್ಟಿ, ಬದನೆಕಾಯಿ ಪಲ್ಯ ತಿಂದೆವು. ಆಮೇಲೆ ನಾಟಕ ನೋಡಿದೆವು. ಅದು ಬಹಳ ಖಾರ ಇತ್ತು." ಖಾರ ಇದ್ದದ್ದು ಪಲ್ಯವೋ, ನಾಟಕವೋ? ಪಠ್ಯವನ್ನು ಒಂದು ಮರ ಅಂದುಕೋ: ಜಾತ್ರೆ ಮೇಲೆ, ಊಟ ಮತ್ತು ನಾಟಕ ಅದರ ಕೊಂಬೆಗಳು. ಮಾತು ನಾಟಕಕ್ಕೆ ಹೋದ ಮೇಲೆ ಊಟದ ಕೊಂಬೆ ಮುಚ್ಚಿತು. ಹೊಸ ವಾಕ್ಯ ಈ ಮರದ ಬಲಗಡೆಯ ಅಂಚಿಗೆ, ಅಂದರೆ ಕೊನೆಯ ವಾಕ್ಯ ಮತ್ತು ಅದರ ಮೇಲಿನ ಕೊಂಬೆಗಳಿಗೆ, ಮಾತ್ರ ಅಂಟುತ್ತದೆ ಅಂತಾರೆ, ಭಾಷಾಶಾಸ್ತ್ರಜ್ಞೆ ಲಿವಿಯಾ ಪೊಲಾನ್ಯಿ ಮತ್ತು ಅವರ ನಂತರದವರು. "ಇಡೀ ದಿನ ಹಾಗೇ ಕಳೆಯಿತು" ಅನ್ನು, ಅದು ಸರಿಯಾಗಿ ಜಾತ್ರೆಗೇ ಹೋಗಿ ಕೂರುತ್ತದೆ, ಯಾಕಂದರೆ ಜಾತ್ರೆ ಆ ಅಂಚಿನ ಮೇಲ್ತುದಿಯಲ್ಲಿದೆ. ನಿನ್ನ ಮೂರನೇ ಪುಟದಲ್ಲಿ "ಅದು" ಅಂದದ್ದು ಯಾವುದು ಅಂತ ನನಗೆ ಈಗಲೂ ಗೊತ್ತಾಗಿಲ್ಲ.

ನೀನು ಕೇಳಿದ ಡಬ್ಬಿ ಚಿತ್ರಗಳು, ಅಂದರೆ ಮಾತಿನಲ್ಲಿ ಬಂದ ಜನ, ವಸ್ತುಗಳನ್ನು ಬರೆದಿಡುವ ಚೌಕಗಳು, ತರ್ಕಶಾಸ್ತ್ರದ ಹಾನ್ಸ್ ಕ್ಯಾಂಪ್ ಅವರವು, 1981ರವು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1982ರ ಪಿಎಚ್‌ಡಿ ಪ್ರಬಂಧದಲ್ಲಿ, ಐರೀನ್ ಹೈಮ್ ಕೂಡ ಆ ದಾರಿ ಹಿಡಿದರು. "ಅವನ ಮನೆಯಲ್ಲಿ ಎತ್ತು ಇರಲಿಲ್ಲ. ಅದು ಬೆಳ್ಳಗಿತ್ತು" ಅಂದರೆ ಯಾಕೆ ಎಡವುತ್ತೇವೆ ಅನ್ನೋದಕ್ಕೆ ಅಲ್ಲಿ ಉತ್ತರ ಇದೆ: ಇಲ್ಲ ಅನ್ನುವ ಡಬ್ಬಿಯೊಳಗೆ ಹುಟ್ಟಿದ ಎತ್ತು ಹೊರಗೆ ಸಿಗುವುದಿಲ್ಲ. ಪರೀಕ್ಷೆಗೆ ಅಷ್ಟು ಓದಿಕೋ, ಸಾಕು.

ಒಂದು ತಕರಾರು ನನಗೂ ಇದೆ. ಈ ಉದಾಹರಣೆಗಳು, ಮೇಲೆ ನಾನು ಕೊಟ್ಟವೂ ಸೇರಿ, ಕೂತು ಹೆಣೆದವು. ಜನ ಹಿಂಗ ಮಾತಾಡುವುದಿಲ್ಲ. ನಿನ್ನ ಊರಿನ ಕಡೆ ಶ್ರೀಕೃಷ್ಣ ಪಾರಿಜಾತದ ಬಯಲಾಟ ಆದಾಗ ಭಾಗವತ ಮತ್ತು ದೂತಿಯ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೋ. ಬರೆದಿಟ್ಟು, ಪ್ರತಿ ಮಾತೂ ಹಿಂದಿನ ಯಾವ ಮಾತಿಗೆ ಅಂಟಿದೆ ಅಂತ ಗೆರೆ ಎಳೆ. ಇದು ಉತ್ತರವೋ, ತಿದ್ದುಪಡಿಯೋ, ಕಾರಣವೋ, ಸುಮ್ನೆ ಚೇಷ್ಟೆಯೋ ಅಂತ ಪಕ್ಕದಲ್ಲಿ ಗುರುತು ಹಾಕು. ಚೇಷ್ಟೆಗೆ ನಿನ್ನ ಪಠ್ಯಪುಸ್ತಕದ ಪಟ್ಟಿಯಲ್ಲಿ ಹೆಸರು ಸಿಗದಿದ್ದರೆ ನೀನೇ ಒಂದು ಇಟ್ಟುಕೋ. ಗೆರೆ ಎಳೆದ ಹಾಳೆಗಳನ್ನೂ, ತಿದ್ದಿದ ಮೂರನೇ ಪುಟವನ್ನೂ ಕಳಿಸು.

ನಿನ್ನ ಅಣ್ಣ