ಕೆಳಗಿನಿಂದ ಓದಬೇಕಾದ ಕಲ್ಲು, ಕೆಳಗಿನಿಂದ ಓದಬೇಕಾದ ಕಾಗದ

ಲೋ ಕಲ್ಲಪ್ಪಾ,

ವೀರಗಲ್ಲಿನ ಫೋಟೊ ಸಿಕ್ಕಿತು. ಆವನಿ ಕಡೆಯದು ಎಂದು ನೀನು ಹೇಳಬೇಕಿರಲಿಲ್ಲ. ವೀರನ ತಲೆ ಮೇಲೆ ಯಾರೋ ಲುಂಗಿ ಒಣಹಾಕಿದ್ದಾರಲ್ಲ, ಅಷ್ಟು ಸಾಕು. ನಮ್ಮಿಬ್ಬರ ಹಳೇ ಮೊಸರನ್ನದ ಲೆಕ್ಕ ಇಲ್ಲಿ ಎತ್ತುವುದಿಲ್ಲ, ಜನ ಓದುತ್ತಿದ್ದಾರೆ. ಈ ಕಾಗದವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು, ನಿಜ. ಆದರೆ ನೀನು ಓದಿದ ಹಾಗೆ ಮಾಡಿ ಬರೀ ಹೆಬ್ಬೆಟ್ಟು ಒತ್ತುವ ಆಸಾಮಿ. ನಾಲ್ಕು ಜನರೆದುರು ಕೇಳಿದರೆ ಮರ್ಯಾದೆಗಾದರೂ ಉತ್ತರ ಬರೆಯುತ್ತೀಯ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಹೇಳಿಕೊಟ್ಟವನು ನೀನೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಅಟ್ಟಿಕೊಂಡು ಹೋಗುತ್ತಿರುವ ದನ. ನಡುವೆ ಅಪ್ಸರೆಯರು ಎರಡೂ ಕಡೆ ತೋಳು ಹಿಡಿದು ಎತ್ತಿಕೊಂಡು ಹೊರಟಿರುತ್ತಾರೆ. ಮೇಲೆ ಲಿಂಗದ ಮುಂದೆ ಕೂತಿರುತ್ತಾನೆ, ಪಕ್ಕಕ್ಕೆ ಸೂರ್ಯ ಚಂದ್ರ. ನಮ್ಮ ಕೋಲಾರದ ಕಡೆ ಗಂಗ–ನೊಳಂಬರ ಕಾಲದ ಎಷ್ಟೋ ಕಲ್ಲುಗಳಲ್ಲಿ ಒಂದೇ ಪಟ್ಟಿಕೆ, ಅಪ್ಸರೆಯರು ಮೂಲೆಯಲ್ಲಿ ಚಿಕ್ಕದಾಗಿ ಒತ್ತರಿಸಿಕೊಂಡಿರುತ್ತಾರೆ ಎಂದು ನೀನು ತಿದ್ದುತ್ತೀಯ. ತಿದ್ದು. ಜಾಗ ಸಾಲದಾಗ ಸ್ವರ್ಗವನ್ನು ಕುಗ್ಗಿಸಿದರೇ ಹೊರತು ಕಾಳಗವನ್ನು ಬಿಡಲಿಲ್ಲ. ನನ್ನ ತಲೆಗೆ ಹೊಕ್ಕ ಹುಳ ಅದೇ.

ಯಾಕೆಂದರೆ ನಮ್ಮ ನಮೂನೆ 4 ಕೂಡ ಕೆಳಗಿನಿಂದ ಓದುವಂಥದ್ದು. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ವೈದ್ಯರು ತುಂಬಬೇಕಾದ ಮರಣ ಕಾರಣದ ಕಾಗದ ಅದು. ಮೊದಲನೇ ಭಾಗದಲ್ಲಿ ಎ, ಬಿ, ಸಿ ಎಂದು ಸಾಲು. ಎ ಸಾಲಿನಲ್ಲಿ ಕೊನೆಗೆ ಜೀವ ತೆಗೆದದ್ದು. ಬಿ ಸಾಲಿನಲ್ಲಿ ಎ ಯಾವುದರಿಂದ ಬಂತೋ ಅದು. ಸಿ ಸಾಲಿನಲ್ಲಿ ಇಡೀ ಸರಣಿಗೆ ಬೀಜ ಹಾಕಿದ ಕಾಯಿಲೆ. ಉದಾಹರಣೆಗೆ ಎ: ಸೆಪ್ಸಿಸ್ (ಮೈಗೆಲ್ಲ ಏರಿದ ನಂಜು), 2 ದಿನ. ಬಿ: ಕಾಲಿನ ಗ್ಯಾಂಗ್ರಿನ್, 3 ವಾರ. ಸಿ: ಮಧುಮೇಹ, 15 ವರ್ಷ. ಈ ಸರಣಿಯಲ್ಲಿ ಸೇರದೆ ಪಕ್ಕದಿಂದ ಕೈಜೋಡಿಸಿದ್ದು, ಉದಾಹರಣೆಗೆ ಬಿಪಿ, ಎರಡನೇ ಭಾಗಕ್ಕೆ. ರಾಜ್ಯದ, ದೇಶದ ಲೆಕ್ಕಕ್ಕೆ ಹೋಗುವುದು ಸಾಮಾನ್ಯವಾಗಿ ಕಟ್ಟಕಡೆಯ ಸಾಲು. ಸರಿಯಾಗಿ ತುಂಬಿದೆಯೋ ಇಲ್ಲವೋ ನೋಡಲು ವೈದ್ಯಶಾಸ್ತ್ರ ಓದಿರಬೇಕಿಲ್ಲ, ಬಲಗಡೆಯ ಅವಧಿಯ ಅಂಕಣ ನೋಡಿದರೆ ಸಾಕು. ಕೆಳಗಿಳಿದಂತೆ ಅವಧಿ ಹೆಚ್ಚಬೇಕು. ಎ ಎದುರು 15 ವರ್ಷ, ಸಿ ಎದುರು 2 ದಿನ ಇದ್ದರೆ ಬರೆದವರು ಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದ್ದಾರೆ ಎಂದರ್ಥ.

ಆದರೆ ನಮ್ಮ ಮೇಜಿಗೆ ಬರುವ ಕಾಗದಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ: ಎ ಸಾಲಿನಲ್ಲಿ 'ಹೃದಯ ಸ್ತಂಭನ'. ಬಿ, ಸಿ ಖಾಲಿ. ಅಲ್ಲಯ್ಯಾ, ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಸಾಯುವ ಬಗೆಯನ್ನಲ್ಲ, ರೋಗವನ್ನೋ ಗಾಯವನ್ನೋ ಬರೆಯಿರಿ ಎಂದು ಆ ನಮೂನೆಯಲ್ಲೇ ಅಚ್ಚಾಗಿದೆ. ತಪ್ಪು ಆಗುವುದು ಸೋಮಾರಿತನದಿಂದಲೇ ಎನ್ನಲಾರೆ. ನಡುರಾತ್ರಿ, ಹೊರಗೆ ಮನೆಯವರು ಗಾಡಿ ತಂದು ನಿಂತಿರುತ್ತಾರೆ, ಸಹಿ ಹಾಕುವ ಡ್ಯೂಟಿ ಡಾಕ್ಟರು ರೋಗಿಯನ್ನು ನೋಡಿದ್ದೇ ಕೊನೆಯ ಅರ್ಧ ಗಂಟೆ. ಅವರಿಗೆ ಗೊತ್ತಿರುವುದು ಮೇಲಿನ ಪಟ್ಟಿಕೆ ಮಾತ್ರ. ಲೆಕ್ಕಕ್ಕಾಗಿ ಪ್ರತಿ ಕಾರಣಕ್ಕೂ ಒಂದು ಸಂಕೇತ ಕೊಡುವವರ ಮೇಜಿಗೆ ಬಂದಾಗ ಅದು 'ಐ 46' ಆಗುತ್ತದೆ, ಮನೆಯಲ್ಲಿ ಹೋದ ಅಜ್ಜಿಯ 'ವಯೋಸಹಜ' ಎಂಬುದು 'ಆರ್ 54'. ಇವೆರಡರಿಂದ ಯಾವ ತಾಲ್ಲೂಕಿಗೆ ಯಾವ ಔಷಧಿ ಕಳಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಅದೂ ಹೋಗಲಿ, ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಡುವುದು ಕಾಲು ಭಾಗಕ್ಕಿಂತ ಕಡಿಮೆ.

ಈಗ ಚಿಂತಾಮಣಿ ಸರ್ಕಲ್ಲಿನ ಶ್ರದ್ಧಾಂಜಲಿ ಫ್ಲೆಕ್ಸ್ ನೆನಪಿಸಿಕೋ. ಮೋಡ, ಹಿಮದ ಬೆಟ್ಟ, ಶಿವ, ನಡುವೆ ಯಜಮಾನರ ಪಾಸ್‌ಪೋರ್ಟ್ ಸೈಜಿನ ಮುಖ, 'ದೈವಾಧೀನರಾದರು'. ಪಕ್ಕಾ ಮೇಲಿನ ಪಟ್ಟಿಕೆ, ಸಾವಿರ ವರ್ಷದಲ್ಲಿ ವಿನ್ಯಾಸ ಬದಲಾಗಿಲ್ಲ. ಕೆಳಗೆ ಕಾಳಗ ಇರಬೇಕಾದ ಜಾಗದಲ್ಲಿ ಸ್ನೇಹಿತರ ಬಳಗದ ಹದಿನೆಂಟು ಫೋಟೊ.

ನಮ್ಮವರೊಬ್ಬರದೇ ಕಥೆ ಇದಲ್ಲ. 1662ರಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ ಜಾನ್ ಗ್ರಾಂಟ್ ಊರಿನ ಸಾವಿನ ಪಟ್ಟಿಗಳನ್ನು ಕೂಡಿಸಿ ಲೆಕ್ಕಕ್ಕೆ ಕೂತ. ಹೆಣ ನೋಡಿ ಕಾರಣ ಹೇಳುತ್ತಿದ್ದವರು ಚರ್ಚಿನವರು ನೇಮಿಸಿದ ಮುದುಕಿಯರು. ಆ ಪಟ್ಟಿಯಲ್ಲಿ 'ಮುಪ್ಪು' ಇದೆ, 'ಇದ್ದಕ್ಕಿದ್ದಂತೆ' ಇದೆ, 'ಹಲ್ಲು' ಕೂಡ ಒಂದು ಕಾರಣ. ಮುದುಕಿಗೆ ಒಂದು ಲೋಟ ಬಿಯರ್, ಮಾಮೂಲಿಗಿಂತ ಎರಡರಷ್ಟು ಕಾಸು ಸಿಕ್ಕರೆ ಮರ್ಯಾದೆಗೇಡಿ ಕಾಯಿಲೆ ಕ್ಷಯವಾಗಿಬಿಡುತ್ತದೆ ಎಂಬ ಗುಮಾನಿ ಅವನಿಗೇ ಇತ್ತು. ಇಲ್ಲಿ ಕ್ಷಯವೇ ಮರ್ಯಾದೆಗೇಡಿ, ಅದನ್ನು ಮುಚ್ಚಲು 'ಉಸಿರಾಟದ ತೊಂದರೆ'.

ಕಲ್ಲುಗಳೂ ಸಾಚಾ ಅಲ್ಲ ಕಣೋ. ಊರು ಹೆಮ್ಮೆಪಡುವ ಸಾವಿಗೆ ಮಾತ್ರ ಕಲ್ಲು. ಆತಕೂರಿನಲ್ಲಿ ಹಂದಿಯ ಜೊತೆ ಕಾದು ಸತ್ತ ನಾಯಿ ಕಾಳಿಗೂ ಹತ್ತನೇ ಶತಮಾನದಲ್ಲಿ ಕಲ್ಲು ನಿಲ್ಲಿಸಿದರು, ಶಾಸನ ಸಮೇತ. ನಾಯಿಯ ಮರಣ ಕಾರಣ ನಮಗೆ ಗೊತ್ತು. ನೀನು ಇಷ್ಟು ವರ್ಷ ಕಳಿಸಿದ ಫೋಟೊಗಳಲ್ಲಿ ಬಾಣಂತಿ ಒಬ್ಬಳೂ ಇಲ್ಲ. ಹೆಣ್ಣು ಕಲ್ಲಾಗಿದ್ದರೆ ಅದು ಗಂಡನ ಚಿತೆ ಏರಿದವಳ ಮಾಸ್ತಿಗಲ್ಲು, ಕಂಬದಿಂದ ಹೊರಟ ಬಳೆ ತೊಟ್ಟ ಕೈ. ಅವಳದೂ ಗಂಡನ ಸಾವಿನ ಲೆಕ್ಕವೇ. ಸಾವನ್ನು ನೋಂದಾಯಿಸಲು ತುಂಬುವ ಇವತ್ತಿನ ನಮೂನೆ 2ರಲ್ಲಾದರೂ ಒಂದು ಪ್ರಶ್ನೆ ಇದೆ: ಸತ್ತದ್ದು ಹೆಣ್ಣಾದರೆ, ಬಸುರಿಯಾಗಿದ್ದಾಗಲೋ, ಹೆರಿಗೆಯಲ್ಲೋ, ಆಮೇಲಿನ ಆರು ವಾರದೊಳಗೋ? ಆ ಒಂದು ಸಾಲನ್ನು 'ಇಲ್ಲ' ಎಂದು ತುಂಬಿಬಿಟ್ಟರೆ ಒಬ್ಬ ತಾಯಿ ಲೆಕ್ಕದಿಂದಲೇ ಹೋಗುತ್ತಾಳೆ. ನೆಟ್ಟಗೆ ಬರೆದರೆ ಎ: ರಕ್ತ ಬರಿದಾಗಿ ಆಘಾತ, ಬಿ: ಹೆರಿಗೆ ನಂತರದ ರಕ್ತಸ್ರಾವ, ಸಿ: ಗರ್ಭಕೋಶ ಬಿಗಿಯದೆ ಉಳಿದದ್ದು. ಎರಡನೇ ಭಾಗದಲ್ಲಿ ರಕ್ತಹೀನತೆ, ತಿಂಗಳುಗಟ್ಟಲೆ ಹಿಂದಿನದು. ಕಬ್ಬಿಣದ ಮಾತ್ರೆ ಎಲ್ಲಿ ತಲುಪಲಿಲ್ಲ ಎಂದು ಹೇಳುವುದು ಈ ಕೊನೆಯ ಮಾತು, ಹೃದಯ ಸ್ತಂಭನವಲ್ಲ.

ಕಾಗದವೇ ಇಲ್ಲದ ಸಾವಿಗೂ ದಾರಿ ಇದೆ: ಮೌಖಿಕ ಶವಪರೀಕ್ಷೆ. ಮನೆಗೆ ಹೋಗಿ ಕೂತು ಕೇಳುವುದು. ಜ್ವರ ಎಷ್ಟು ದಿನ, ಊತ ಎಲ್ಲಿ, ಕೊನೆಗೆ ಮಾತು ತೊದಲಿತೇ, ರೆಪ್ಪೆ ಜೋತಿತೇ. ಆ ಬರಹವನ್ನು ಇಬ್ಬರು ವೈದ್ಯರು ಬೇರೆಬೇರೆಯಾಗಿ ಓದಿ ಕಾರಣ ಹೇಳುತ್ತಾರೆ, ಇಬ್ಬರಿಗೂ ಹೊಂದದಿದ್ದರೆ ಮೂರನೆಯವರು. ಹತ್ತು ಲಕ್ಷ ಸಾವಿನ ಅಧ್ಯಯನ ಎಂಬುದು ಹೀಗೆ ಕೇಳಿದ್ದರಿಂದಲೇ 2005ರ ಒಂದೇ ವರ್ಷದಲ್ಲಿ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 46 ಸಾವಿರ ಎಂಬ ಅಂದಾಜು ಸಿಕ್ಕಿತು. ಆಸ್ಪತ್ರೆಯ ಲೆಕ್ಕ ಅದರ ಹತ್ತಿರವೂ ಇರಲಿಲ್ಲ, ಆಸ್ಪತ್ರೆಗೆ ಬರುವ ಮೊದಲೇ ಹೊಲದಲ್ಲೋ ಮಂತ್ರ ಹಾಕುವವರ ಜಗಲಿಯಲ್ಲೋ ಮುಗಿದಿತ್ತು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ರಾತ್ರಿ ಟೊಮೇಟೊ ತೋಟಕ್ಕೆ ನೀರು ಕಟ್ಟುವವರ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಈ ಕಾಗದದ ಸಹವಾಸ ಹೆಚ್ಚಾದರೆ ಕಣ್ಣು ಕೆಡುತ್ತದೆ ಕಣೋ. ಬಸ್ಸಿನಲ್ಲಿ ಎದುರು ಕೂತವರ ಕಾಲು ಊದಿದ್ದರೆ ಸಿ ಸಾಲು ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ. ಮದುವೆ ಮನೆಯಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದು ಬಂದವರನ್ನು ನಮೂನೆ 2ರ ಪ್ರಶ್ನೆಯೇ ಎದ್ದು ಕೇಳುತ್ತದೆ: ಎಷ್ಟು ವರ್ಷದಿಂದ? ಆ ನಮೂನೆಯಲ್ಲಿ ಬೀಡಿ ಸಿಗರೇಟಿಗೂ ಅಂಥದೇ ಸಾಲಿದೆ. ನಿನ್ನದನ್ನು ತುಂಬಿಬಿಟ್ಟಿದ್ದೇನೆ. ಎರಡು ವರ್ಷವಾಯಿತು. ಅಳಿಸಲು ನೋಡುತ್ತೇನೆ, ಫೋನಿನಲ್ಲಿ ನೀನು ಕೆಮ್ಮಿದಾಗ ಮತ್ತೆ ಮೂಡುತ್ತದೆ. ನನ್ನದರಲ್ಲಿ ಸಿ ಎದುರು ಸಕ್ಕರೆ, 11 ವರ್ಷ. ಯುಗಾದಿಗೊಮ್ಮೆ ಒಂದು ಕೂಡಿಸುತ್ತೇನೆ. ಎ, ಬಿ ಖಾಲಿ ಇವೆ, ರಾತ್ರಿ ಎಚ್ಚರವಾದರೆ ಅಲ್ಲಿ ಯಾವುದು ಬರಬಹುದು ಎಂದು ಒಂದೊಂದೇ ಇಟ್ಟು ನೋಡುತ್ತೇನೆ. ಇದನ್ನು ಮನೆಯಲ್ಲಿ ಹೇಳಿಲ್ಲ. ಹೇಳಿಲ್ಲ ಎಂಬುದನ್ನು ಈಗ ಊರಿಗೆಲ್ಲ ಹೇಳಿದಂತಾಯಿತು.

ಹೆದರಬೇಡ, ನಿನ್ನದಕ್ಕೆ ಇನ್ನೂ ಸೀಲು ಬಿದ್ದಿಲ್ಲ. ಸಿಗರೇಟು ಬಿಟ್ಟರೆ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡುತ್ತೇನೆ, ತಿದ್ದುಪಡಿಗೆ ಅದೇ ಕ್ರಮ. ನನ್ನದೊಂದು ಕಲ್ಲು ನಿಲ್ಲಿಸುವ ಭಾರ ಹೇಗೂ ನಿನ್ನ ತಲೆಗೇ ಬರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ನಿಜ ಕೆತ್ತಿಸು: ಒಬ್ಬಟ್ಟು, ಒಂದರ ಮೇಲೊಂದು, ಮೇಲೆ ತುಪ್ಪ. ನಡುವೆ ಎರಡು ಮುಳಬಾಗಿಲು ದೋಸೆ ನನ್ನ ತೋಳು ಹಿಡಿದು ಕರೆದೊಯ್ಯುತ್ತಿರಲಿ. ಮೇಲೆ ಏನಾದರೂ ಹಾಕು, ಜಾಗ ಸಾಲದಿದ್ದರೆ ಬಿಡು. ತಲೆ ಮಾತ್ರ ಚಪ್ಪಟೆಯಾಗಿರಲಿ, ಲುಂಗಿ ಜಾರಬಾರದು.

ನಿನ್ನ,
ನಮೂನೆ ನಾಲ್ಕು