ಬೂವನಹಳ್ಳಿಯಿಂದ ಬೆಂಗಳೂರಿಗೆ ವಿಮಾನ ಬೇಡ ಸ್ವಾಮಿ

ಹಾಸನದ ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರ.

ನಮ್ಮೂರ ಪಕ್ಕದ ಬೂವನಹಳ್ಳಿಯ ಹೊಸ ವಿಮಾನ ನಿಲ್ದಾಣದಿಂದ ಮೊದಲ ವಿಮಾನ ಎಲ್ಲಿಗೆ ಅಂತ ಹಾಸನದ ಯಾವ ಟೀ ಅಂಗಡಿಯಲ್ಲಾದರೂ ಕೇಳಿ ನೋಡಿ. ಬೆಂಗಳೂರಿಗೆ ಅಂತಾರೆ. ನನ್ನ ಮನವಿ ಬೇರೆ. ಕಲಬುರಗಿಗೆ ಕೊಡಿಸಿ.

ಬೆಂಗಳೂರು ನಮಗೆ ಸುಮಾರು 185 ಕಿಲೋಮೀಟರ್. ಬೆಳ್ಳೂರು ಕ್ರಾಸ್‌ನಲ್ಲಿ ಇಳಿದು ಕಾಫಿ ಕುಡಿದರೂ ಮೂರೂವರೆ ನಾಲ್ಕು ಗಂಟೆ. ವಿಮಾನದಲ್ಲಿ ಮುಕ್ಕಾಲು ಗಂಟೆಗೆ ಹೋಗಬಹುದು, ಸರಿ. ಆದರೆ ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ. ಇಳಿಯೋದು ದೇವನಹಳ್ಳಿ ಹತ್ತಿರ, ಅಲ್ಲಿಂದ ಮೆಜೆಸ್ಟಿಕ್‌ಗೆ ಮತ್ತೆ ಟ್ರಾಫಿಕ್. ಬಸ್ಸೇ ವಾಸಿ, ಅಲ್ವಾ?

ಕಲಬುರಗಿ ಹಾಗಲ್ಲ. ಮಗಳನ್ನು ಅಲ್ಲಿಗೆ ಕೊಟ್ಟಿದ್ದೇವೆ. ಮೊಮ್ಮಗನ ನಾಮಕರಣಕ್ಕೆ ಸೊಲ್ಲಾಪುರ ರೈಲು ಹತ್ತಿದೆವು. ಬೆಂಗಳೂರು ದಾಟಿ, ಆಂಧ್ರದೊಳಗೆ ಹೊಕ್ಕು, ರಾಯಚೂರಿನ ಕಡೆ ಮತ್ತೆ ಕರ್ನಾಟಕಕ್ಕೆ ಬರುವ ರೈಲು ಅದು. ನನ್ನವಳು ಕೋಡುಬಳೆ ಡಬ್ಬ ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಕೂತೇ ಇದ್ದಳು. ಕೆಳಗಿಟ್ಟರೆ ಪುಡಿಯಾಗುತ್ತಂತೆ. ಆಮೇಲೆ ನೋಡಿದರೆ ಅರ್ಧ ಪುಡಿಯೇ.

ಅಲ್ಲಿ ಅಳಿಯಂದಿರು ಗೋಡೆಯ ನಕ್ಷೆ ಮೇಲೆ ದಾರ ಹಿಡಿದು ಅಳೆದರು. ನೇರ ಗೆರೆ 480 ಕಿಲೋಮೀಟರ್ ಆಸುಪಾಸು. ಎಪ್ಪತ್ತು ಸೀಟಿನ ಎಟಿಆರ್ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ಹಾರುತ್ತೆ. ಹಾಗಂತ ಒಂದು ಗಂಟೆಗೆ ಮುಟ್ಟಲ್ಲ. ರನ್‌ವೇ ತುದಿಗೆ ಉರುಳಬೇಕು, ಮೇಲೇರಬೇಕು, ಸುತ್ತು ಹಾಕಿ ಇಳಿಯಬೇಕು. ಒಂದೂಕಾಲು ಗಂಟೆ ಅಂದುಕೊಳ್ಳಿ. ಕೌಂಟರ್ ಸಮಯ, ಬೂವನಹಳ್ಳಿಗೆ ಆಟೋ, ಆ ಕಡೆ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣದಿಂದ ಊರೊಳಗೆ, ಎಲ್ಲ ಸೇರಿಸಿದರೂ ಮನೆಯಿಂದ ಮನೆಗೆ ನಾಲ್ಕು ಗಂಟೆ. ತಿಂಡಿ ಇಲ್ಲಿ, ಜೋಳದ ರೊಟ್ಟಿ ಊಟ ಅಲ್ಲಿ.

ಟಿಕೆಟ್ ದುಬಾರಿ ಅಂತೀರಾ? 2016ರಲ್ಲಿ ಚಿಕ್ಕ ಊರುಗಳಿಗೂ ಅಗ್ಗದಲ್ಲಿ ವಿಮಾನ ಅಂತ ಕೇಂದ್ರ ಸರ್ಕಾರ ಉಡಾನ್ ಯೋಜನೆ ತಂದಾಗ ಸುಮಾರು 500 ಕಿಲೋಮೀಟರ್ ಹಾರಾಟಕ್ಕೆ ಅರ್ಧದಷ್ಟು ಸೀಟಿಗೆ 2,500 ರೂಪಾಯಿ ಮಿತಿ ಇಟ್ಟಿದ್ದರು. ನಮ್ಮ ದಾರ ಅಳೆದ ದೂರವೂ ಅಷ್ಟೇ. ಆದರೆ ಆ ನಷ್ಟ ತುಂಬಲು ವಿಮಾನ ಕಂಪನಿಗೆ ಕೊಡುವ ಸಹಾಯಧನ ಮೂರು ವರ್ಷಕ್ಕೆ ಮಾತ್ರ. ಅದು ಮುಗಿದ ಮೇಲೆ ಚಿಕ್ಕ ಊರುಗಳ ಎಷ್ಟೋ ವಿಮಾನಗಳು ಸುಮ್ನೆ ನಿಂತುಹೋಗಿವೆ. ನಾಲ್ಕನೇ ವರ್ಷದ ಮಾತನ್ನು ಈಗಲೇ ಆಡಿಕೊಳ್ಳಿ.

ಇನ್ನೊಂದು ವಿಷಯ. ಚಳಿಗಾಲದಲ್ಲಿ ನಮ್ಮ ಕಡೆ ಬೆಳಗ್ಗೆ ಎಂಟಾದರೂ ಎದುರಿನ ತೆಂಗಿನ ಮರ ಕಾಣಲ್ಲ, ಅಷ್ಟು ಮಂಜು. ಮಂಜಿನಲ್ಲೂ ಇಳಿಸುವ ಉಪಕರಣ ಹಾಕಿಸಿ. ಆಗದಿದ್ದರೆ ವಿಮಾನದ ಹೊತ್ತನ್ನಾದರೂ ಹತ್ತು ಗಂಟೆಯ ಮೇಲೆ ಇಡಿಸಿ. ಮೊಮ್ಮಗನ ವರ್ಷದ ಹುಟ್ಟುಹಬ್ಬ ಬರೋದು ಜನವರಿಯಲ್ಲಿ.

ಇಂತಿ,
ಹಾಸನದ ಒಬ್ಬ ಮತದಾರ